ಇಬ್ಬರ ಕಣ್ಣೆದುರಿನ ಅಳತೆ

ಮಗಳೇ, ಭೂಮಾಪನ ಇಲಾಖೆಯ ಆದೇಶ ಕೈಗೆ ಬಂದಿದೆ, ತರಬೇತಿಯೂ ಮುಗಿದಿದೆ. ಇನ್ನು ನೀನೊಬ್ಬಳೇ ಹೊಲಕ್ಕೆ ಇಳಿಯುತ್ತೀಯ. ಇದೇ ಕೆಲಸ ಮಾಡಿ ನಿವೃತ್ತನಾದ ನಿನ್ನ ದೊಡ್ಡಪ್ಪ ಅದಕ್ಕೆ ಮೊದಲು ಒಂದಿಷ್ಟು ಹೇಳಬೇಕು. ಗಡಿ ತಕರಾರುಗಳಲ್ಲಿ ಅಳತೆ ತಪ್ಪಿ ಹುಟ್ಟಿದವನ್ನು ನಾನು ಕಂಡದ್ದು ಕಡಿಮೆ. ಅಳೆಯುವ ದಿನ ಪಕ್ಕದ ಹೊಲದವನು ಅಲ್ಲಿರಲಿಲ್ಲ. ಇದ್ದರೂ ಅವನನ್ನು ಯಾರೂ ಮಾತಾಡಿಸಲಿಲ್ಲ. ಮಾತಾಡಿಸಿದರೂ ಅವನು ಹೇಳಿದ್ದು ಕಾಗದಕ್ಕೆ ಬರಲಿಲ್ಲ. ಹೆಚ್ಚಿನ ಜಗಳ ಮೊಳೆಯುವುದು ಇಲ್ಲಿ. ತಾನು ನೋಡದ ಅಳತೆಯನ್ನು ರೈತ ನಂಬುವುದಿಲ್ಲ, ಅದು ಎಷ್ಟೇ ಸರಿಯಾಗಿರಲಿ. ಅದೇ ಅಳತೆ ಕಣ್ಣೆದುರಿಗೆ ನಡೆದಿದ್ದರೆ, ತನಗೆ ನಾಲ್ಕಡಿ ಹೋದರೂ ಗೊಣಗಿಕೊಂಡು ಒಪ್ಪುತ್ತಾನೆ. ತರಬೇತಿಯಲ್ಲಿ ಉಪಕರಣ ಕಲಿಸುತ್ತಾರೆ, ಕಾಯ್ದೆ ಕಲಿಸುತ್ತಾರೆ. ಸಿಟ್ಟಿಗೆದ್ದ ಇಬ್ಬರ ನಡುವೆ ನಿಂತು ಕಲ್ಲು ನೆಡುವುದು ಹೇಗೆ ಎನ್ನುವುದಕ್ಕೆ ಅಲ್ಲಿ ಹೊತ್ತು ಸಾಲುವುದಿಲ್ಲ. ನಾನು ಬರೆಯುತ್ತಿರುವುದು ಅದನ್ನೇ.

ಗಡಿ ಗುರುತಿಸಿ ಕೊಡಿ ಎನ್ನುವ ಹದ್ದುಬಸ್ತಿನ ಅರ್ಜಿ ನಿನ್ನ ಹೆಸರಿಗೆ ಬಂತು ಎಂದ ಕೂಡಲೇ ಗಾಡಿ ಹತ್ತಬೇಡ. ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಆಕಾರಬಂದು, ಗ್ರಾಮ ನಕ್ಷೆ, ಚಾಲ್ತಿ ಪಹಣಿ, ಮ್ಯುಟೇಶನ್ ಇಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದು ಸಂಜೆ ಕೂತು ಓದು. ಅರ್ಜಿದಾರನ ಸರ್ವೆ ನಂಬರಿನದು ಮಾತ್ರ ಸಾಲದು, ಸುತ್ತಲಿನ ನಂಬರುಗಳ ಟಿಪ್ಪಣಿಯೂ ಬೇಕು. ಇಬ್ಬರ ನಡುವಿನ ಗಡಿ ಒಂದೇ. ಅದನ್ನು ಎರಡು ಟಿಪ್ಪಣಿಗಳು ಹೇಗೆ ಹೇಳುತ್ತವೆ ಎಂದು ತಾಳೆ ಹಾಕು. ಆಕಾರಬಂದಿನಲ್ಲಿ 4 ಎಕರೆ 12 ಗುಂಟೆ ಇದ್ದು, ಅದೇ ನಂಬರಿನ ಪಹಣಿಗಳನ್ನೆಲ್ಲ ಕೂಡಿದರೆ 4 ಎಕರೆ 30 ಗುಂಟೆಯಾಗುವಂಥ ಪ್ರಕರಣ ನಿನಗೆ ಬೇಗನೆ ಎದುರಾಗುತ್ತದೆ. ಹಿಂದಿನವರು ಪೈಕಿ ಪೈಕಿ ಎಂದು ಬರೆಸಿ ಮಾರುತ್ತಾ ಹೋಗಿರುತ್ತಾರೆ. ಯಾವ ದಿಕ್ಕಿನ ಪೈಕಿ ಎಂದು ಕ್ರಯಪತ್ರದಲ್ಲಿ ಇರುವುದೇ ಇಲ್ಲ. ಹೆಚ್ಚಿಗೆ ಬಂದ ಆ 18 ಗುಂಟೆ ಕಾಗದದಲ್ಲಿದೆ, ನೆಲದ ಮೇಲೆ ಎಲ್ಲೂ ಇಲ್ಲ. ಇದು ಮೊದಲೇ ಗೊತ್ತಿದ್ದರೆ ಅಳೆಯುವ ಮುಂಚೆಯೇ ಹಿಸ್ಸೇದಾರರನ್ನೆಲ್ಲ ಕೂರಿಸಿ ಲೆಕ್ಕ ತೋರಿಸುತ್ತೀಯ. ಗೊತ್ತಿಲ್ಲದೆ ಹೋದರೆ ಒಂದು ಬದಿಯಿಂದ ಅಳೆಯುತ್ತಾ ಬಂದು ಕಡೆಯವನ ಪಾಲಿಗೆ ಕೊರತೆ ನಿಲ್ಲುತ್ತದೆ, ಆ ಕೊರತೆಯನ್ನು ನೀನೇ ಹಂಚಿದ ಹಾಗಾಗುತ್ತದೆ. ಅದನ್ನು ಯಾರ ತಲೆಗೆ ಕಟ್ಟಬೇಕು ಎಂದು ನಿರ್ಧರಿಸುವ ಅಧಿಕಾರ ನಮಗಿಲ್ಲ. ಅವರವರೇ ಒಪ್ಪಿ ತೀರ್ಮಾನಿಸಬೇಕು, ಇಲ್ಲವೇ ಸಿವಿಲ್ ಕೋರ್ಟು ಹೇಳಬೇಕು.

ಸರ್ವೆ ನಂಬರಿನ ಒಂದು ಭಾಗ ಮಾರುವ ಮೊದಲೇ 11ಇ ನಕ್ಷೆ ಆಗಬೇಕು ಎಂಬ ನಿಯಮದಿಂದ ಇಂಥ ಜಗಳಗಳು ಹುಟ್ಟುವ ಮೊದಲೇ ನಿಲ್ಲುತ್ತವೆ. ಅದನ್ನು ನೋಂದಣಿ ಕಚೇರಿಗೆ ಸಲ್ಲಿಸುವ ಒಂದು ಕಾಗದ ಎಂದುಕೊಂಡು ಆತುರದಲ್ಲಿ ಮುಗಿಸಬೇಡ. ಕೊಳ್ಳುವವನನ್ನೂ ಹೊಲಕ್ಕೆ ಕರೆಸು. ಅವನು ತನ್ನ ತುಂಡಿನ ನಾಲ್ಕು ಮೂಲೆಯನ್ನೂ ತುಳಿದು ನೋಡಲಿ, ದಾರಿ ಎಲ್ಲಿಂದ ಎಂದು ಮಾರುವವನನ್ನೇ ಕೇಳಲಿ. ಬಂಡಿದಾರಿಯ ಮಾತು ಬಾಯಲ್ಲೇ ಉಳಿದು ನಕ್ಷೆಗೆ ಬರದೆ ಹೋದ ಎಷ್ಟೋ ಮಾರಾಟಗಳು ಹತ್ತು ವರ್ಷದ ಮೇಲೆ ಕೋರ್ಟಿನಲ್ಲಿ ಕೂತಿವೆ.

ಹಳೇ ಟಿಪ್ಪಣಿಯನ್ನು ಗೌರವದಿಂದ ಓದು, ಅದರ ಮಿತಿ ತಿಳಿದು ಓದು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1836ರ ಸುಮಾರಿಗೆ ಪುಣೆ ಸೀಮೆಯ ಇಂದಾಪುರದಲ್ಲಿ ಶುರು ಮಾಡಿದ ಬೊಂಬಾಯಿ ಪದ್ಧತಿ 1863ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂತು. ಅದರ ಸರಪಳಿ 33 ಅಡಿ, ಸರಪಳಿಗೆ 16 ಆಣೆ. ಸರಪಳಿ ಉದ್ದ ಸರಪಳಿ ಅಗಲದ ಜಾಗ 1089 ಚದರಡಿ, ಅದೇ ನಮ್ಮ ಗುಂಟೆ. ಒಂದು ಆಣೆ ಎಂದರೆ ಎರಡು ಅಡಿಯ ಮೇಲೆ ಮುಕ್ಕಾಲು ಇಂಚು. ಹೊಲದ ನಡುವೆ ಬೇಸ್‌ಲೈನ್ ಎಳೆದು, ಕ್ರಾಸ್‌ಸ್ಟಾಫ್ ಊರಿ, ಎಡಕ್ಕೂ ಬಲಕ್ಕೂ ಆಫ್‌ಸೆಟ್ ಹಿಡಿದು, ಬಿಸಿಲಿನಲ್ಲಿ ಕಬ್ಬಿಣದ ಸರಪಳಿ ಬಿಗಿದು ಬರೆದ ಅಂಕಿಗಳು ಅವು. ಟಿಪ್ಪಣಿಯ ಚಿತ್ರ ಸ್ಕೇಲಿಗೆ ಬರೆದದ್ದಲ್ಲ, ಅದರ ಆಕಾರವನ್ನು ನಂಬಿ ಕೂರಬೇಡ, ಅಂಕಿಯನ್ನು ನಂಬು. ಆ ಅಂಕಿ ಹಿಡಿದು ಹೋದರೆ ಪೊದೆಯೊಳಗೆ ಕಲ್ಲು ಸಿಕ್ಕಾಗ ಆ ಹಳಬರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ನಿನ್ನ ಕೈಯಲ್ಲಿರುವ ರೋವರ್ ಕೆಲವೇ ಸೆಂಟಿಮೀಟರಿನೊಳಗೆ ಜಾಗ ಹೇಳುತ್ತದೆ. ಆಣೆಯಲ್ಲಿ ಬರೆದ ಗಡಿಯನ್ನು ರೋವರ್ ಸೆಂಟಿಮೀಟರಿನಲ್ಲಿ ಹೇಳಿದ ಮಾತ್ರಕ್ಕೆ ಗಡಿ ಸೆಂಟಿಮೀಟರಿನಷ್ಟು ನಿಖರವಾಗುವುದಿಲ್ಲ. ಹೊಸಬರು ಎಡವುವುದು ಇಲ್ಲಿ ಕಣಮ್ಮ. ಪರದೆ ತೋರಿಸಿ, "ನಿಮ್ಮ ಬದು ಅವರ ಕಡೆಗೆ 27 ಸೆಂಟಿಮೀಟರ್ ಹೋಗಿದೆ" ಎಂದುಬಿಡುತ್ತಾರೆ. ಮಾರನೇ ದಿನ ಜೆಸಿಬಿ ಬರುತ್ತದೆ, ಅದರ ಮಾರನೇ ದಿನ ಪೊಲೀಸ್ ಠಾಣೆ. ಆ 27 ಸೆಂಟಿಮೀಟರ್ ಅರ್ಧ ಆಣೆಯೂ ಅಲ್ಲ! ಹಳೇ ಸರಪಳಿ ತುಸು ಸಡಿಲ ಹಿಡಿದಿದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ. ದಾಖಲೆ ಹೊರಲಾರದ ನಿಖರತೆಯನ್ನು ಅದರ ಮೇಲೆ ಹೊರಿಸಬಾರದು. "ದಾಖಲೆಯ ಗಡಿಗೂ ಈಗಿರುವ ಬದುವಿಗೂ ಗಮನಿಸುವಂಥ ವ್ಯತ್ಯಾಸ ಕಾಣುವುದಿಲ್ಲ" ಎಂದು ಹೇಳುವ ಧೈರ್ಯ ನಿನಗಿರಬೇಕು. ಹಾಗೆ ಹೇಳಿದರೆ ಏನೂ ಕೆಲಸ ಮಾಡಲಿಲ್ಲ ಎಂದು ಅರ್ಜಿದಾರನಿಗೆ ಅನ್ನಿಸಬಹುದು, ಅನ್ನಿಸಲಿ.

ಗ್ರಾಮ ನಕ್ಷೆಯ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಅದರ ಸ್ಕೇಲು ಮೈಲಿಗೆ 8 ಇಂಚು, ಅಂದರೆ 1:7920. ಆ ನಕ್ಷೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಒಂದು ಗೆರೆ ನೆಲದ ಮೇಲೆ ಹತ್ತಿರ ಹತ್ತಿರ 4 ಮೀಟರ್, 13 ಅಡಿ. ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ, "ದಿಶಾಂಕ್‌ನಲ್ಲಿ ನಮ್ಮ ತೆಂಗಿನ ಸಾಲು ಪಕ್ಕದವರ ನಂಬರಿನಲ್ಲಿ ತೋರಿಸುತ್ತಿದೆ" ಎಂದು ಗಾಬರಿಯಾಗಿ ಬರುವವರು ಈಗ ಊರೂರಿನಲ್ಲಿದ್ದಾರೆ. ಯಾವ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಆ ಆಪ್ ಬಹಳ ಒಳ್ಳೆಯದು. ಬೇಲಿ ಹಾಕಲು ಅದು ಸಾಲದು. ಗೆರೆಯ ದಪ್ಪ ತೋರಿಸಿ, 13 ಅಡಿಯನ್ನು ನೆಲದ ಮೇಲೆ ಹೆಜ್ಜೆ ಹಾಕಿ ತೋರಿಸಿ ಸಮಾಧಾನದಿಂದ ಹೇಳು. ಆಣೆ, ಗುಂಟೆಯ ಲೆಕ್ಕ ಬಾಯಲ್ಲೇ ಹೇಳುವ ಜನ ಅವರು, ತಟ್ಟನೆ ಅರ್ಥಮಾಡಿಕೊಳ್ಳುತ್ತಾರೆ. ನಾಳೆ ನಿನಗೆ ಮಂಗಳೂರು ಕಡೆಗೆ ವರ್ಗವಾದರೆ ಅಲ್ಲಿನ ಮಾತು ಸೆಂಟ್ಸಿನಲ್ಲಿ. ಹಳೇ ಮದರಾಸು ಪ್ರಾಂತ್ಯದ ಲೆಕ್ಕ ಅದು, ಎರಡೂವರೆ ಸೆಂಟು ಒಂದು ಗುಂಟೆ.

ನೋಟಿಸಿನ ವಿಷಯಕ್ಕೆ ಬರುತ್ತೇನೆ. ಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಡದೆ ಅಳೆದ ಹದ್ದುಬಸ್ತು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ ಎಂದು ನಿನಗೆ ಗೊತ್ತು. ಅದು ಕಾನೂನಿನ ಮಾತು. ನಾನು ಹೇಳುವುದು ಅದಕ್ಕಿಂತ ಮುಂದಿನದು. ನೋಟಿಸು ಜಾರಿಯಾಯಿತು ಎಂದು ಸಹಿ ಬಂದಿದ್ದರೆ ಅವನಿಗೆ ತಿಳಿಯಿತು ಎಂದಾಗುವುದಿಲ್ಲ. ಮನೆಯ ಹುಡುಗ ಸಹಿ ಹಾಕಿ ಕಿಟಕಿಗೆ ಸಿಕ್ಕಿಸಿರುತ್ತಾನೆ. ಹಿಂದಿನ ದಿನ ಒಂದು ಫೋನ್ ಮಾಡು: "ನಾಳೆ ಹತ್ತು ಗಂಟೆಗೆ ನಿಮ್ಮ ಮೂಡಲ ಬದಿಗೆ ಅಳತೆ ಇದೆ, ನಿಮ್ಮ ಕಡೆ ಕಾಗದ ಏನಿದ್ದರೂ ತನ್ನಿ, ಮನೆಯಲ್ಲಿ ಹಿರಿಯರಿದ್ದರೆ ಕರೆತನ್ನಿ." ಎರಡು ನಿಮಿಷದ ಮಾತು. ಕದ್ದು ಅಳೆಯಲು ಬರುತ್ತಿಲ್ಲ ಎಂಬುದು ಅವನಿಗೆ ಖಾತ್ರಿಯಾಗುತ್ತದೆ. ಹಬ್ಬ, ತಿಥಿ, ನಾಟಿ, ಕುಯ್ಲಿನ ದಿನ ನೋಡಿಕೊಂಡು ದಿನ ಗೊತ್ತು ಮಾಡು. ಹುರುಳಿ ಹೂವಿಗೆ ಬಂದ ಹೊಲದಲ್ಲಿ ಹತ್ತು ಜನ ತುಳಿದಾಡಿದರೆ ಗಡಿಯ ಜಗಳಕ್ಕೆ ಬೆಳೆಯ ಜಗಳವೂ ಸೇರಿಕೊಳ್ಳುತ್ತದೆ.

ಊರಿಗೆ ಹೋಗುವಾಗ ಅರ್ಜಿದಾರನ ಬೈಕಿನಲ್ಲಿ ಹಿಂದೆ ಕೂತು ಹೋಗಬೇಡ. ಅವನ ಮನೆಯಲ್ಲಿ ಊಟ ಬೇಡ, ಅಳತೆ ಮುಗಿಯುವ ತನಕ ಕಾಫಿಯೂ ಬೇಡ. ನಮ್ಮ ಕಡೆ ನೀರು ಮಜ್ಜಿಗೆ ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅದು ನನಗೂ ಗೊತ್ತು. "ಇಬ್ಬರ ಮನೆಯದನ್ನೂ ಕಡೆಯಲ್ಲಿ ಒಟ್ಟಿಗೆ ಕುಡಿಯೋಣ" ಎಂದು ಹೇಳು. ಎದುರಾಳಿ ಬದುವಿನ ಮೇಲೆ ನಿಂತು ನೋಡುತ್ತಿರುತ್ತಾನೆ: ನೀನು ಯಾರ ಜೊತೆ ಬಂದೆ, ಯಾರನ್ನು ಮೊದಲು ಮಾತಾಡಿಸಿದೆ, ಯಾರ ಕೊಡೆಯ ನೆರಳಲ್ಲಿ ನಿಂತೆ. ರೋವರ್ ಪೆಟ್ಟಿಗೆಯಿಂದ ಹೊರಗೆ ಬರುವಷ್ಟರಲ್ಲಿ ನೀನು ಯಾರ ಕಡೆಯವಳು ಎಂದು ಅವನು ತೀರ್ಮಾನಿಸಿಯಾಗಿರುತ್ತದೆ. ಆಮೇಲೆ ಯಾವ ಅಂಕಿಯೂ ಅವನ ಮನಸ್ಸು ತಿರುಗಿಸುವುದಿಲ್ಲ. ದುಡ್ಡಿನ ಮಾತು ನಿನಗೆ ಹೇಳಬೇಕಾಗಿಲ್ಲ, ನಮ್ಮ ಮನೆಯಲ್ಲಿ ಬೆಳೆದವಳು ನೀನು.

ಅಳೆಯುವಾಗ ಏನು ಮಾಡಬೇಕು ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಹಾಸನ ಕಡೆಯ ಒಂದು ಊರು. ದಾಯಾದಿಗಳಿಬ್ಬರು, ಅಜ್ಜನ ಕಾಲದ ಪಾಲು. ಇಬ್ಬರ ನಡುವೆ ಒಂದು ಬದು, ಬದುವಿನ ಮೇಲೆ ಸಾಲಾಗಿ ನಾಲ್ಕೈದು ಹೊಂಗೆ ಮರ. ಬೀಜ ಯಾರು ಆಯ್ದುಕೊಳ್ಳಬೇಕು ಎನ್ನುವಲ್ಲಿಂದ ಶುರುವಾಗಿ ಗಡಿಯವರೆಗೆ ಬಂದಿತ್ತು, ಮಾತು ಬಿಟ್ಟು ವರ್ಷಗಳಾಗಿದ್ದವು. ಆಗ ರೋವರ್ ಇರಲಿಲ್ಲ, ಟೇಪು. ಟೇಪಿನ ಸೊನ್ನೆಯ ತುದಿಯನ್ನು ಒಬ್ಬನ ಕೈಗೆ ಕೊಟ್ಟೆ, ಸುರುಳಿಯನ್ನು ಇನ್ನೊಬ್ಬನ ಕೈಗೆ. ಸುರುಳಿ ಹಿಡಿದವನು ಅಂಕಿಯನ್ನು ಗಟ್ಟಿಯಾಗಿ ಓದಬೇಕು, ಸೊನ್ನೆ ಹಿಡಿದವನು ಅದನ್ನು ತಿರುಗಿ ಹೇಳಬೇಕು, ಇಬ್ಬರದೂ ಒಂದೇ ಆದರೆ ನಾನು ಬರೆದುಕೊಳ್ಳುತ್ತೇನೆ ಎಂದೆ. ಮೊದಲ ಅಂಕಿ ಬೈಗುಳದ ದನಿಯಲ್ಲಿ ಬಂತು. ಆ ಬದಿಯ ಕೊನೆ ಮುಟ್ಟುವ ಹೊತ್ತಿಗೆ, "ಟೇಪು ಕಳ್ಳಿಗೆ ಸಿಕ್ಕಿಕೊಂಡಿದೆ, ತುಸು ಎತ್ತಿ ಹಿಡಿ" ಎಂದು ಒಬ್ಬ ಹೇಳಿದ, ಇನ್ನೊಬ್ಬ ಎತ್ತಿ ಹಿಡಿದ. ಇಬ್ಬರೂ ತಾವೇ ಓದಿದ ಅಂಕಿ ಅದು. ಅದನ್ನು ಸುಳ್ಳು ಎನ್ನಲು ಇಬ್ಬರಿಗೂ ಬಾಯಿಲ್ಲ.

ಮೂಲೆಯಲ್ಲಿ ಇರಬೇಕಾದ ಬಾಂದುಕಲ್ಲು ಇರಲಿಲ್ಲ. ಟಿಪ್ಪಣಿ ಹೇಳಿದ ಜಾಗದಲ್ಲಿ ಅಗೆಸಿದೆ, ಸಿಗಲಿಲ್ಲ. ಆಗ ಹಿರಿಯವನ ಹೆಂಡತಿ, ಅಲ್ಲಿಯವರೆಗೆ ದೂರದಲ್ಲಿ ಹುಲ್ಲು ಕುಯ್ಯುತ್ತಿದ್ದವರು, "ನಾನು ಮದುವೆಯಾಗಿ ಬಂದಾಗ ಆ ಕಲ್ಲಿನ ಮೇಲೆ ಬುತ್ತಿ ಇಡುತ್ತಿದ್ದೆ, ಇನ್ನೂ ಈ ಕಡೆಗೆ" ಎಂದು ಕುಡುಗೋಲಿನಲ್ಲೇ ತೋರಿಸಿದರು. ಎರಡು ಮಾರು ಈಚೆ, ಬದುವಿನ ಮಣ್ಣು ಕುಸಿದು ಮುಚ್ಚಿದ ಕಡೆ ಒಂದು ಗೇಣು ಆಳದಲ್ಲಿ ತಲೆ ಒಡೆದ ಕಲ್ಲು, ಅಲುಗಾಡದೆ ನೆಟ್ಟಗೆ ನಿಂತಿತ್ತು. ಆ ತಾಯಿ ತೋರಿಸಿದ ಕಲ್ಲಿನಿಂದ ಅವರ ಗಂಡನಿಗೇ ತುಸು ನಷ್ಟವಾಯಿತು, ಅವರು ಮಾತು ಬದಲಿಸಲಿಲ್ಲ. ನೀನು ಹೆಣ್ಣುಮಗಳು, ಇದು ನಿನಗಿರುವ ದೊಡ್ಡ ಅನುಕೂಲ. ಗಂಡಸರು ಬದುವಿನ ಮೇಲೆ ಕೂಗಾಡುವಾಗ ಆ ಹೊಲದಲ್ಲಿ ಕಳೆ ಕೀಳುವ, ನಾಟಿ ಹಾಕುವ ಹೆಂಗಸರ ಹತ್ತಿರ ಹೋಗಿ ಕೇಳು. ನೆಲ ಅವರಿಗೆ ಗೊತ್ತು, ನಮ್ಮಂಥ ಗಂಡಸರ ಹತ್ತಿರ ಅವರು ಅಷ್ಟಾಗಿ ಮಾತಾಡುತ್ತಿರಲಿಲ್ಲ.

ಆ ದಿನ ಅಳತೆಯಲ್ಲಿ ಕಂಡದ್ದು ಇಷ್ಟು: ಬಡಗಣ ತುದಿಯಲ್ಲಿ ಬದು ದಾಖಲೆಯ ಗಡಿಯ ಮೇಲೇ ಇದೆ, ತೆಂಕಣ ತುದಿಯಲ್ಲಿ ಒಂದೂವರೆ ಆಣೆ ಒಳಕ್ಕೆ ಸರಿದಿದೆ. ಇಬ್ಬರೂ ಕೂತು ಮಾತಾಡಿಕೊಂಡು, ಮರ ಕಡಿಯುವುದು ಬೇಡ, ಬದು ಇದ್ದಂತೆಯೇ ಇರಲಿ ಎಂದರು. ಅವರು ಒಪ್ಪಿಕೊಂಡರು ಎಂದು ನಾನು ಬದುವನ್ನೇ ಗಡಿ ಎಂದು ಬರೆಯುವಂತಿಲ್ಲ. ಇದನ್ನು ಚೆನ್ನಾಗಿ ನೆನಪಿಡು. ನಕ್ಷೆಯಲ್ಲಿ ದಾಖಲೆಯ ಗಡಿಯನ್ನು ಒಂದು ಗೆರೆಯಾಗಿ, ಇರುವ ಬದುವನ್ನು ಇನ್ನೊಂದು ಗೆರೆಯಾಗಿ ತೋರಿಸಿದೆ. ಬದುವನ್ನು ಇದ್ದಂತೆ ಬಿಡಲು ಉಭಯತರರೂ ಹೇಳಿದ್ದಾರೆ ಎಂದು ಮಹಜರಿನಲ್ಲಿ ಅವರ ಮಾತಾಗಿ ಬರೆದೆ. ಆ ಒಂದೂವರೆ ಆಣೆಯ ಪಟ್ಟಿಯನ್ನು ಶಾಶ್ವತವಾಗಿ ಅದಲು ಬದಲು ಮಾಡಿಕೊಳ್ಳುವುದಾದರೆ ನೋಂದಣಿಯಾದ ಪತ್ರ ಬೇಕು, ಬಾಯಿಮಾತು ಮಕ್ಕಳ ಕಾಲಕ್ಕೆ ಉಳಿಯುವುದಿಲ್ಲ ಎಂದು ಇಬ್ಬರಿಗೂ ಹೇಳಿದೆ.

ನಿನ್ನ ಬಾಯಿಂದ "ಇದು ನಿಮ್ಮದು", "ಅದು ಅವರದು" ಎಂಬ ಮಾತು ಬರಕೂಡದು. "ಟಿಪ್ಪಣಿಯ ಪ್ರಕಾರ ಗಡಿ ಇಲ್ಲಿ ಬರುತ್ತದೆ" ಅನ್ನು, "ಈಗ ಬೇಲಿ ಅಲ್ಲಿದೆ" ಅನ್ನು. ಹಕ್ಕು ಯಾರದು ಎನ್ನುವುದು ಬೇರೆ ಪ್ರಶ್ನೆ. ಹನ್ನೆರಡು ವರ್ಷಕ್ಕೂ ಮೀರಿ ಬಹಿರಂಗವಾಗಿ ಅನುಭವಿಸಿಕೊಂಡು ಬಂದದ್ದಕ್ಕೆ ಪ್ರತಿಕೂಲ ಸ್ವಾಧೀನದ ವಾದ ಏಳಬಹುದು. ಕ್ರಯಪತ್ರದ ಚೆಕ್ಕುಬಂದಿಗೂ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚೆಕ್ಕುಬಂದಿಗೇ ಕೋರ್ಟು ತೂಕ ಕೊಡುತ್ತದೆ. ಪಹಣಿಯಲ್ಲಿ ಹೆಸರಿದೆ ಎಂದರೂ, 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಆ ನಮೂದನ್ನು ನಿಜವೆಂದು ಭಾವಿಸುವುದು ಬೇರೆ ಎಂದು ಸಾಬೀತಾಗುವ ತನಕ ಮಾತ್ರ. ಇದನ್ನೆಲ್ಲ ಹೊಲದಲ್ಲಿ ನಿಂತು ಬಿಡಿಸಲು ಹೋಗಬೇಡ. ಒತ್ತುವರಿ ತೆರವು ಮಾಡಿಸಿಕೊಡಿ ಎಂದು ಅರ್ಜಿದಾರ ಗಂಟು ಬೀಳುತ್ತಾನೆ. ಗಡಿ ತೋರಿಸಿ, ಕಲ್ಲು ನೆಟ್ಟು, ನಕ್ಷೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಬಿ ಖರಾಬಿನ ಹಳ್ಳ, ದಾರಿ, ಸ್ಮಶಾನದ ವಿಷಯದಲ್ಲಿ ಮಾತ್ರ ಯಾರ ಒಪ್ಪಿಗೆಗೂ ಕಾಯಬೇಡ. ಇಬ್ಬರೂ ಸೇರಿ ದಾರಿಯನ್ನು ಅರ್ಧರ್ಧ ಉತ್ತುಕೊಂಡು ಅನ್ಯೋನ್ಯವಾಗಿದ್ದರೂ ಅದು ಊರಿನದು, ನಕ್ಷೆಯಲ್ಲಿ ಬರಲೇಬೇಕು.

ಮಹಜರನ್ನು ಹೊಲದಲ್ಲೇ ಬರೆ. ಕಚೇರಿಗೆ ಬಂದು ನೆನಪಿನಿಂದ ಬರೆದದ್ದಕ್ಕೆ ಸಾಕ್ಷಿಗಳ ಸಹಿಯಿದ್ದರೂ ಬಲವಿಲ್ಲ. ಯಾವ ಕಲ್ಲಿನಿಂದ ಶುರು ಮಾಡಿದೆ, ಅದು ಹಳೇ ಕಲ್ಲು ಎಂದು ಹೇಗೆ ಗುರುತಿಸಿದೆ, ಯಾವ ಯಾವ ಕಲ್ಲು ಸಿಕ್ಕವು, ಯಾವುವು ಸಿಗಲಿಲ್ಲ, ಯಾರು ಯಾರು ಹಾಜರಿದ್ದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿ ಹೇಳು, ಓದು ಬಾರದವರಿಗಂತೂ ಸಾಲು ಸಾಲಾಗಿ. ಒಬ್ಬ ಸಹಿ ಹಾಕುವುದಿಲ್ಲ ಎನ್ನುತ್ತಾನೆ. ಬಲವಂತ ಬೇಡ, ಹೆದರಿಸುವುದು ಬೇಡ. ಯಾಕೆ ಹಾಕುವುದಿಲ್ಲ ಎಂದು ಕೇಳಿ, ಅವನ ಕಾರಣವನ್ನು ಅವನ ಮಾತಿನಲ್ಲೇ ಬರೆ: "ಪಡುವಣ ಮೂಲೆಯ ಕಲ್ಲನ್ನು ಹತ್ತು ವರ್ಷದ ಹಿಂದೆ ಕಿತ್ತು ನೆಟ್ಟಿದ್ದಾರೆ, ಆದ್ದರಿಂದ ನನಗೆ ಒಪ್ಪಿಗೆ ಇಲ್ಲ ಎಂದು ತಿಳಿಸಿದರು." ತನ್ನ ತಕರಾರು ಸರ್ಕಾರಿ ಕಾಗದದ ಮೇಲೆ ತನ್ನದೇ ಮಾತಿನಲ್ಲಿ ಬಂದದ್ದು ಕಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಎಷ್ಟೋ ಜನ ಅದನ್ನು ಬರೆದ ಮೇಲೆ ಸಹಿ ಹಾಕಿದ್ದಾರೆ.

ಜಂಟಿ ಹೊಲವನ್ನು ಬೇರೆ ಬೇರೆ ಮಾಡಿಕೊಡುವ ಪೋಡಿ ಅರ್ಜಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಜಂಟಿ ಪಹಣಿಯಲ್ಲಿ ಅಣ್ಣತಮ್ಮಂದಿರ ಜೊತೆಗೆ ಅಕ್ಕತಂಗಿಯರ ಹೆಸರೂ ಇರುತ್ತದೆ, ಹೊಲಕ್ಕೆ ಬಂದವರು ಗಂಡಸರು ಮಾತ್ರ. "ಅವರದೇನೂ ತಕರಾರಿಲ್ಲ, ನಾವು ಹೇಳಿದ್ದೇ ಅವರ ಮಾತು" ಎನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ರಾಜ್ಯದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳ ಪಾಲು ಸಣ್ಣ ಮಾತಲ್ಲ. ಪಹಣಿಯಲ್ಲಿರುವ ಪ್ರತಿ ಹೆಸರಿನವರ ಒಪ್ಪಿಗೆಯನ್ನೂ ಅವರವರಿಂದಲೇ ತೆಗೆದುಕೋ.

ಹಿಂದೆ ಬೇರೊಬ್ಬ ಭೂಮಾಪಕರು ಮಾಡಿದ ನಕ್ಷೆಗೂ ನಿನ್ನ ಅಳತೆಗೂ ವ್ಯತ್ಯಾಸ ಬಂತು ಎನ್ನು. ಜನರ ಎದುರಿಗೆ "ಅವರು ತಪ್ಪು ಮಾಡಿದ್ದಾರೆ" ಎಂದು ಹೇಳಿದರೆ ಎರಡು ಪಕ್ಷಕ್ಕೂ ಒಂದೊಂದು ನಕ್ಷೆ ಆಯುಧವಾಗಿ ಸಿಗುತ್ತದೆ. ಅವರಿಗೆ ಫೋನ್ ಮಾಡಿ ಯಾವ ಕಲ್ಲಿನಿಂದ ಶುರು ಮಾಡಿದ್ದಿರಿ ಎಂದು ಕೇಳು. ಇಬ್ಬರ ಲೆಕ್ಕವೂ ಸರಿಯಿರುತ್ತದೆ. ಒಬ್ಬರು ಆಧಾರ ಮಾಡಿಕೊಂಡ ಕಲ್ಲು ಯಾರೋ ಸರಿಸಿ ನೆಟ್ಟದ್ದಾಗಿರುತ್ತದೆ. ಇಬ್ಬರೂ ಒಂದು ದಿನ ಒಟ್ಟಿಗೆ ಹೋಗಿ, ಮೂರು ಊರಿನ ಗಡಿ ಕೂಡುವ ಕಲ್ಲಿನಿಂದಲೋ ಅಕ್ಕಪಕ್ಕದ ತಕರಾರಿಲ್ಲದ ನಂಬರುಗಳ ಕಲ್ಲಿನಿಂದಲೋ ಹಿಡಿದು ತಾಳೆ ನೋಡಿದರೆ ವಿಷಯ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ಎರಡನ್ನೂ ಮೇಲಧಿಕಾರಿಗಳ ಮುಂದಿಟ್ಟು ಮರು ಅಳತೆ ಕೇಳು. ಹಾಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಈ ಭಾಗವನ್ನು ನಿನ್ನ ತಮ್ಮನಿಗೆ ಓದಿಸು. ಅವನು ಗುತ್ತಿಗೆದಾರರ ಸೈಟಿನಲ್ಲಿ ಟೋಟಲ್ ಸ್ಟೇಷನ್ ಹಿಡಿದಿದ್ದಾನೆ, ಅಲ್ಲಿ ಗಡಿಯ ಬದಲು ಮಣ್ಣಿನ ಜಗಳ. ಕೆಲಸ ಶುರುವಾಗುವ ಮೊದಲಿನ ನೆಲಮಟ್ಟ ಎಷ್ಟಿತ್ತು ಎನ್ನುವುದರ ಮೇಲೆ ಲಕ್ಷಗಟ್ಟಲೆ ಬಿಲ್ಲು ನಿಂತಿರುತ್ತದೆ, ಒಮ್ಮೆ ಅಗೆದರೆ ಆ ನೆಲವೇ ಇರುವುದಿಲ್ಲ. ಗಡಿಗಾದರೆ ಹಳೇ ಕಲ್ಲೋ ಮರವೋ ಸಾಕ್ಷಿ ಹೇಳುತ್ತದೆ, ಅಗೆದು ಹೋದ ಮಣ್ಣಿಗೆ ಕಾಗದವೊಂದೇ ಸಾಕ್ಷಿ. ಆದ್ದರಿಂದ ಮೂಲ ಲೆವೆಲ್ಲುಗಳನ್ನು ಗುತ್ತಿಗೆದಾರನ ಪ್ರತಿನಿಧಿ, ಮಾಲೀಕರ ಕಡೆಯ ಎಂಜಿನಿಯರ್ ಇಬ್ಬರೂ ನಿಂತಿದ್ದಾಗಲೇ ತೆಗೆಯಬೇಕು. ಹಾಳೆ ಹಾಳೆಗೂ ಅದೇ ದಿನ ಇಬ್ಬರ ಸಹಿ ಬೀಳಬೇಕು. ಉಪಕರಣದಿಂದ ಇಳಿಸಿದ ಫೈಲನ್ನು ತಿದ್ದದೆ ಇಬ್ಬರಿಗೂ ಒಂದೊಂದು ಪ್ರತಿ ಅಲ್ಲೇ ಕೊಡಬೇಕು. ಬೆಂಚ್‌ಮಾರ್ಕು ಎಲ್ಲಿದೆ ಎಂದು ಫೋಟೋ ಸಮೇತ ಬರೆದಿಡಬೇಕು, ಅಗೆಯುವ ಜಾಗದಿಂದ ದೂರದಲ್ಲಿ ಇನ್ನೊಂದನ್ನೂ ಮಾಡಿಡಬೇಕು. ಬೆಳಿಗ್ಗೆ ಲೆವೆಲ್ಲಿಗೆ ಎರಡು ಗೂಟದ ಪರೀಕ್ಷೆ ಮಾಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಮಣ್ಣನ್ನು ಗುಂಡಿಯಲ್ಲಿ ಅಳೆಯುತ್ತೇವೋ ಟಿಪ್ಪರಿನಲ್ಲಿ ಎಣಿಸುತ್ತೇವೋ ಎನ್ನುವುದು ಕರಾರಿನಲ್ಲಿ ಮೊದಲೇ ಬರಬೇಕು, ಅಗೆದ ಮಣ್ಣು ಉಬ್ಬುವುದರಿಂದ ಅವೆರಡೂ ತಾಳೆಯಾಗುವುದೇ ಇಲ್ಲ. ತನ್ನ ಕೆಲಸ ಎಲ್ಲಿಂದ ಎಲ್ಲಿಗೆ, ಫೀಸು ಎಷ್ಟು, ಎರಡನೇ ಸಲ ಬರಬೇಕಾದರೆ ಎಷ್ಟು ಎನ್ನುವುದನ್ನೂ ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಲಿ. ಪರಿಚಯದವರು ಎಂದು ಸಂಕೋಚಪಟ್ಟು ಬಿಟ್ಟರೆ, ಕಡೆಗೆ ಪರಿಚಯವೂ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಅಕ್ಕಪಕ್ಕದ ಮನೆಗಳ ಪಾಲುಗೋಡೆಗೆ ಸಂಬಂಧಿಸಿ 1996ರ ಒಂದು ಕಾಯ್ದೆ ಇದೆ. ಅದರಂತೆ ನೆರೆಹೊರೆಯವರು ಒಪ್ಪಿ ಒಬ್ಬನೇ ಸರ್ವೇಯರನ್ನು ಇಟ್ಟುಕೊಳ್ಳಬಹುದು. ಇಬ್ಬರೂ ಬೇರೆ ಬೇರೆ ಇಟ್ಟುಕೊಂಡರೆ, ಆ ಇಬ್ಬರು ಸರ್ವೇಯರುಗಳು ಕೂಡಲೇ ಮೂರನೆಯವನೊಬ್ಬನನ್ನು ಆರಿಸಿಡಬೇಕು. ಭಿನ್ನಾಭಿಪ್ರಾಯ ಬರುವ ಮೊದಲೇ ಅದನ್ನು ಬಗೆಹರಿಸುವವನು ಗೊತ್ತಾಗಿರುತ್ತಾನೆ. ನನಗೆ ಬಹಳ ಹಿಡಿಸಿದ ಏರ್ಪಾಡು ಅದು. ನಿನ್ನ ತಮ್ಮನಂಥವರು ತಮ್ಮ ಕರಾರುಗಳಲ್ಲಿ ಇಂಥದೊಂದು ಸಾಲು ಸೇರಿಸಬಹುದು: ಲೆವೆಲ್ಲಿನಲ್ಲಿ ವ್ಯತ್ಯಾಸ ಬಂದರೆ ಇಂಥವರು ಬಂದು ನೋಡುತ್ತಾರೆ, ಅವರ ಖರ್ಚು ಇಬ್ಬರದೂ ಸಮಪಾಲು.

ಇಷ್ಟೆಲ್ಲ ಮಾಡಿದರೂ ಕೆಲವು ತಕರಾರು ನಿಲ್ಲುವುದಿಲ್ಲ. ಆಗ ಜನರಿಗೆ ದಾರಿ ಹೇಳಲು ನಿನಗೆ ಗೊತ್ತಿರಬೇಕು. ಅಳತೆಯ ಬಗ್ಗೆ ಆಕ್ಷೇಪವಿದ್ದರೆ ಇಲಾಖೆಯಲ್ಲೇ ಮೇಲ್ಮನವಿ. ಹಕ್ಕಿನ ಬಗ್ಗೆ ಇದ್ದರೆ ಸಿವಿಲ್ ಕೋರ್ಟು. ಅದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಲೋಕ ಅದಾಲತ್ತಿಗೆ ದಾವೆ ಹೂಡುವ ಮೊದಲೇ ಹೋಗಬಹುದು. ಅಲ್ಲಿ ರಾಜಿಯಾದದ್ದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ದಾವೆ ನಡೆಯುತ್ತಿರುವಾಗ ರಾಜಿಯಾದರೆ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಂತೆ ಕೋರ್ಟೇ ಮಧ್ಯಸ್ಥಿಕೆಗೆ ಕಳಿಸುವುದುಂಟು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಗಡಿಯ ಜಗಳಕ್ಕೆ ಮಧ್ಯಸ್ಥಿಕೆ ಬಹಳ ಹೊಂದುತ್ತದೆ. ತೀರ್ಪಿನ ಮಾರನೇ ದಿನವೂ ಇಬ್ಬರೂ ಅದೇ ಬದುವಿನ ಎರಡು ಕಡೆ ಉಳಬೇಕಲ್ಲ.

ಕೋರ್ಟು ನಿನ್ನನ್ನೇ ಕಮಿಷನರ್ ಆಗಿ ನೇಮಿಸಬಹುದು. ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9. ಆಗ ನೀನು ಕೋರ್ಟಿನ ಕಣ್ಣಾಗಿ ಹೋಗುತ್ತೀಯ. ಆದೇಶದಲ್ಲಿ ಕೇಳಿದ ಅಂಶಗಳನ್ನು ಹತ್ತು ಸಲ ಓದು. ಎರಡೂ ಕಡೆಯ ವಕೀಲರಿಗೆ ಲಿಖಿತ ನೋಟಿಸು ಕೊಡು. ಅವರು ಕೊಡುವ ಮೆಮೊಗಳನ್ನು ವರದಿಗೆ ಲಗತ್ತಿಸು. ಕೇಳಿದ್ದಕ್ಕಷ್ಟೇ ಉತ್ತರ, ಕಂಡದ್ದಷ್ಟೇ ಬರಹ. ಸ್ವಾಧೀನ ಯಾರದು ಎಂದು ತೀರ್ಪು ಬರೆಯಲು ಹೋದರೆ ವರದಿಯೇ ಬಿದ್ದುಹೋಗುತ್ತದೆ. ಪಾಟೀಸವಾಲಿನಲ್ಲಿ ವಕೀಲರು ಎಷ್ಟೇ ಕೆಣಕಲಿ, ಫೀಲ್ಡ್ ಪುಸ್ತಕ ನೋಡಿ ಹೇಳುತ್ತೇನೆ ಎನ್ನು. ಆ ಪುಸ್ತಕದಲ್ಲಿ ರಬ್ಬರಿನಿಂದ ಅಳಿಸಿದ ಒಂದು ಗುರುತೂ ಇರಬಾರದು. ತಪ್ಪಿದ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಕಿರುಸಹಿ ಹಾಕು.

ಬರುವ ವಾರ ನಿನ್ನ ಮೊದಲ ಹದ್ದುಬಸ್ತು ಎಂದೆ. ಬಡಗಣ ಪಕ್ಕದ ಹೊಲದವರು ಬೆಂಗಳೂರಿನಲ್ಲಿದ್ದಾರೆ, ಅವರ ಅಣ್ಣನ ಮಗ ಬಂದು ನಿಲ್ಲುತ್ತಾನಂತೆ ಎಂದೆ. ಅವನ ಹತ್ತಿರ ಅವರ ಸಹಿಯ ಅಧಿಕಾರಪತ್ರ ಇದೆಯೇ ಎಂದು ಇವತ್ತೇ ವಿಚಾರಿಸು. ಇಲ್ಲವಾದರೆ ಅವರಿಗೇ ನೇರವಾಗಿ ಮಾತಾಡಿ, ಅವರು ಬರಬಹುದಾದ ದಿನಕ್ಕೆ ಅಳತೆಯನ್ನು ಮುಂದೂಡಿ, ಎಲ್ಲರಿಗೂ ಹೊಸ ನೋಟಿಸು ಕಳಿಸು. ಅರ್ಜಿದಾರ ಅವಸರ ಮಾಡುತ್ತಾನೆ. ಮೇಲಿನವರು ಬಾಕಿ ಎಷ್ಟು ಎಂದು ಕೇಳುತ್ತಾರೆ. ಮುಂದೂಡಿದ ಕಾರಣವನ್ನು ಕಡತದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಅರ್ಜಿದಾರನಿಗೂ ಕೊಟ್ಟುಬಿಡು.